ಯಾವ ವೀಸಾ ಅಂತ ಕೇಳಿದ್ಯಲ್ಲ

ವಿದ್ಯಾ,
ನೀ ಡ್ಯೂಟಿ ಮುಗಿಸಿ ಬರೋದರೊಳಗ ನಾ ಕಮಲಾಪುರಕ್ಕ, ಅವ್ವನ ಹತ್ರ ಹೋಗಿರ್ತೀನಿ. ಹಾಲು ಕಾಸೀನಿ, ಬೆಕ್ಕು ನೋಡ್ಕೋ.

ಜರ್ಮನಿಗೆ ಒಂದು ವರ್ಷದ ವೀಸಾ ಬ್ಯಾಡ, ಅದರಾಗ ನೀ ಒಬ್ಬಾಕಿನ ಹೋಗಬೇಕು. ನರ್ಸ್ ಕೆಲಸದ ದೊಡ್ಡ ವೀಸಾನ ತಗೋ. ಅದರಾಗ ನನ್ನ ಹೆಸರಿನ ಮುಂದ ಅವಲಂಬಿತ ಅಂತ ಬರೀತಾರ, ಬರೀಲಿ. ನನಗ ನಾಚಿಕಿ ಆಗತದಂತ ನಿನಗ ಯಾರು ಹೇಳಿದ್ರು?

ನಿನ್ನೆ ನೀ ಇಂಟರ್‌ವ್ಯೂದಾಗ ಜರ್ಮನ್ ಮಾತಾಡೋ ಮುಂದ ಅಡಗಿಮನ್ಯಾಗ ನಿಂತಿದ್ದೆ. ಒಂದಕ್ಷರ ತಿಳೀಲಿಲ್ಲ, ಆದ್ರ ಮೈ ಜುಮ್ಮಂತು. ಇಷ್ಟು ವರ್ಷ ಯಾರ ಜೋಡಿ ಸಂಸಾರ ಮಾಡೀನಿ ಅಂತ ನಿನ್ನೆ ಗೊತ್ತಾತು.

ನಿನ್ನ ಹಿಂದ ನಾನೂ ಹೋಗತೀನಿ ಅಂತ ಅವ್ವಗ ಫೋನಿನಾಗ ಹೇಳಿದೆ. ನಕ್ಕೋತ ಅಂದಳು: "ಹಂಗಾದ್ರ ಬಾ, ಗಂಡನ ಮನಿಗೆ ಹೋಗೋ ಮಗಳಿಗೆ ತುಂಬಿದಂಗ ನಿನಗೂ ಉಡಿ ತುಂಬತೀನಿ."

ಅದಕ್ಕ ಹೊಂಟೀನಿ. ಉಡಿಯಾಗ ಬಂದ ಕೆಂಪು ಬಾಳೆಹಣ್ಣು ನಿನಗೂ ತರ್ತೀನಿ.

ಮೌನೇಶ