ಬ್ರೇಕಿನ ನಟ್ಟಿಗೆ ಇಕ್ಕಳ ಬೇಡ

ರೀ,

ರಂಜಿನಿಯ ಸೈಕಲ್ಲಿಗೆ ಬೀಗ ಹಾಕಿದೀನಿ. ಕೀ ನನ್ನ ಬ್ಯಾಗಲ್ಲಿದೆ, ಮನೆಯಲ್ಲಿ ಹುಡುಕಬೇಡಿ. ನಿನ್ನೆ ನೀವು ಹಾಲಿನ ಪಾತ್ರೆ ಇಳಿಸೋ ಇಕ್ಕಳದಲ್ಲಿ ಬಿಗಿ ಮಾಡಿದ ಬ್ರೇಕಿನ ನಟ್ಟು ಬೆಳಿಗ್ಗೆ ನನ್ನ ಬೆರಳಿಗೇ ತಿರುಗಿತು. ಮಗಳು ದಿನಾ ಇಳಿಯೋದು ಬುಲ್ ಟೆಂಪಲ್ ರಸ್ತೆಯ ಇಳಿಜಾರು! ಇವತ್ತು ಟ್ಯೂಷನ್‌ಗೆ ಆಟೋದಲ್ಲಿ ಕಳಿಸಿ.

ಮಾಮೂಲ್‌ಪೇಟೆಯಿಂದ ಹತ್ತನೇ ನಂಬರಿನ ಒಳ್ಳೆ ಸ್ಪ್ಯಾನರ್ ಒಂದು ತನ್ನಿ, ಸಾಕು. ಅಗ್ಗ ಅಂತ ನಲವತ್ತು ಸಾಮಾನಿನ ಡಬ್ಬ ಬೇಡ. ಅದರ ಮೆತ್ತನೆ ಕಬ್ಬಿಣ ನಟ್ಟಿನ ಮೂಲೆಯನ್ನೇ ಸವೆಸುತ್ತೆ. ತಂದದ್ದನ್ನು ಪೂಜೆಗೆ ಅಂತ ದೇವರಮನೆಯಲ್ಲಿ ಇಟ್ಟುಬಿಡಬೇಡಿ. ಹೋದ ಆಯುಧಪೂಜೆಯ ಸ್ಕ್ರೂಡ್ರೈವರ್ ಇನ್ನೂ ಕುಂಕುಮ ಹಚ್ಚಿಕೊಂಡು ಅಲ್ಲೇ ಕೂತಿದೆ.

ಸಂಜೆ ಬಂದು ಕೀ ಕೊಡ್ತೀನಿ. ನಟ್ಟು ಬಿಗಿಯಾದ ಮೇಲೆ ಮೊದಲ ಸುತ್ತು ನೀವೇ ಹೋಗಬೇಕು. ಇಳಿಜಾರಲ್ಲಿ ಬೇಡ, ಮನೆ ಮುಂದೆ, ನನ್ನ ಕಣ್ಣೆದುರಿಗೆ.

ಗಿರಿಜಾ