ಕಾಲು ಮುಂದಾಗಿ ಹುಟ್ಟಿದವಳಿಗೆ

ಕೊಟ್ಟೂರು
೧೮-೮-೨೦೨೪

ತಂಗಿ ನಾಗಲಿಂಗಮ್ಮನಿಗೆ ಅಣ್ಣ ಪಾಲಾಕ್ಷಪ್ಪನ ಆಶೀರ್ವಾದಗಳು.

ನಾನು ಇಲ್ಲಿ ಅರ್ಧ ಕ್ಷೇಮ, ಸೊಂಟದಿಂದ ಮೇಲಕ್ಕೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೀ ಆರು ವರ್ಷ. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವಾದರೆ ಹರಿಯುವ ಮುಂಚೆ ಒಂದು ಸಾಲಾದರೂ ಕಣ್ಣಿಗೆ ಬೀಳುತ್ತದೆ.

ಈ ಸೊಂಟನೋವು ಹಿಡಿದು ವರ್ಷವಾಯಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಹುಲುಗೇಶ ಅಂತ ಒಬ್ಬನಿದ್ದಾನೆ. ಮಾತ್ರೆ ಕೇಳಿದರೆ, "ಅಜ್ಜಾರ, ಮಲಗಿ ಮಲಗಿ ಸೊಂಟ ಸೋಮಾರಿ ಆಗೈತಿ. ಅದಕ್ಕ ಕೆಲಸ ಕೊಡ್ರಿ" ಅಂದ. ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಎತ್ತಬೇಕು. ಹತ್ತು ಎಣಿಸುವ ತನಕ ಇಳಿಸಬಾರದು. "ಮನ್ಯಾಗ ಯಾರಿಗಾರ ಎಣಸಾಕ ಹೇಳ್ರಿ."

ಮನೆಯಲ್ಲಿರುವುದು ನಾನು ಮತ್ತು ಒಂದು ಹಲ್ಲಿ. ಅದರ ಲೊಚಲೊಚವನ್ನೇ ಎಣಿಸಿದೆ. ಒಂದು ದಿನ ನಾಲ್ಕಕ್ಕೇ ಮೌನವ್ರತ ಹಿಡಿಯಿತು. ನಾನು ಕಮಾನಿನ ಹಾಗೆ ಬಾಗಿಕೊಂಡು ಎಷ್ಟೋ ಹೊತ್ತು ಅದರ ಮುಖ ನೋಡಿದೆ.

ಆಮೇಲೆ ಹಸುವಿನ ಹಾಗೆ ಕೈ, ಮೊಣಕಾಲು ಊರಿ ಒಂದು ಕಾಲು ಹಿಂದಕ್ಕೆ ಚಾಚುವುದು. ಪಕ್ಕದ ಮನೆಯ ಎರ್ರಮ್ಮ ನೋಡಿ, "ಯಣ್ಣಾ, ಈ ವಯಸ್ಸಿನಾಗ ಅಂಬೆಗಾಲಾ?" ಅಂದಳು.

"ಹೂನವಾ, ಹಲ್ಲು ಉದುರ್ಯಾವು. ಇನ್ನ ತೊಟ್ಟಿಲ ಒಂದು ಬಾಕಿ."

"ನಗಬ್ಯಾಡ. ನಿನ್ನ ತಂಗಿ ಕಾಲು ಮುಂದಾಗಿ ಹುಟ್ಟಿದಾಕಿ ಅಲ್ಲ? ಆಕಿ ಒದ್ರ ಎಂಥಾ ಉಳುಕಾದ್ರೂ ಬಿಡತಿತ್ತು. ಕರಸು."

ನೆನಪಿದೆಯಾ? ಸೊಂಟ ಹಿಡಿದವರೆಲ್ಲ ನಮ್ಮ ಕಟ್ಟೆಯ ಮೇಲೆ ಬೋರಲಾಗಿ ಮಲಗುತ್ತಿದ್ದರು. ನೀನು ಲಂಗ ಹಿಡಿದುಕೊಂಡು ಮೆಲ್ಲಗೆ ಒದೆಯುತ್ತಿದ್ದೆ. ನಾನು ಪಕ್ಕದಲ್ಲಿ ನಿಂತು "ಸರತಿ ಪ್ರಕಾರ ಬರ್ರಿ!" ಅಂತ ಕೂಗುತ್ತಿದ್ದೆ.

ವ್ಯಾಯಾಮ ಸಾಲದು ಅನಿಸುತ್ತದೆ. ಹಿರೇಹಡಗಲಿಯಿಂದ ಒಂದು ದಿನದ ಮಟ್ಟಿಗೆ ಬಂದು ಹೋಗು. ನೀನೂ ನಿನ್ನ ಮಗಳು ಅಮೃತಾಳೂ ತಣ್ಣಗಿರಿ.

ನಿನ್ನ ಅಣ್ಣ
ಪಾಲಾಕ್ಷಪ್ಪ

ತಾ.ಕ.: ನಿನಗೆ ಸುಳ್ಳು ಹೇಳಬಾರದು. ನೋವು ಹೋಗಿ ಹದಿನೈದು ದಿನವಾಯಿತು. ಹುಲುಗೇಶ "ಇನ್ನ ಇಲ್ಲಿಗೆ ಬರಾದು ಬ್ಯಾಡ, ಮನ್ಯಾಗ ಮಾಡ್ರಿ ಸಾಕು" ಅಂದಿದ್ದಾನೆ. ಆರು ವರ್ಷದ ಹಿಂದೆ ಅಮೃತಾಳನ್ನು ನೋಡಲು ಹರಪನಹಳ್ಳಿಯ ಗಂಡಿನ ಕಡೆಯವರು ಬಂದ ದಿನ, "ಈ ಮನಿ ಹೆಣ್ಮಕ್ಳು ಒದಿಯಾದ್ರಾಗ ಹೆಸರುವಾಸಿ, ಅಳಿಯಾರ ಸೊಂಟ ಗಟ್ಟಿ ಐತೇನು?" ಅಂದವನು ನಾನೇ. ನಕ್ಕವನೂ ನಾನೊಬ್ಬನೇ. ಅವರು ಎದ್ದು ಹೋದ ಮೇಲೂ ಕೂಸು ಅವಲಕ್ಕಿ ತಟ್ಟೆ ಹಿಡಿದುಕೊಂಡೇ ನಿಂತಿತ್ತು. ಆವತ್ತು ನೀನು ಒದೆಯಬೇಕಿತ್ತು, ಒದೆಯಲಿಲ್ಲ. ಸುಮ್ಮನೆ ಬಾಗಿಲು ತೋರಿಸಿದೆ. ಈಗಲಾದರೂ ಬಾ. ಕಟ್ಟೆ ಗುಡಿಸಿದ್ದೇನೆ. ಸರತಿಯಲ್ಲಿ ನಾನೊಬ್ಬನೇ ಇದ್ದೇನೆ.