ಹಿಂದಿನ ಸೀಟಿನ ಯಜಮಾನರಿಗೆ

ಐನ್ ಸಫಾ ಕಣಿವೆ, ಜೆಬೆಲ್ ದ್ರೂಜ್
ಜುಲೈ ೧೨, ೧೯೨೬

ಆಕಾಶಕ್ಕೇರಿದ ನನ್ನ ಯಜಮಾನರಿಗೆ,

ಆರೋಗ್ಯವೇ? ಫ್ರೆಂಚರ ಊಟ ಒಗ್ಗಿದೆಯೇ? ಮಾಳಿಗೆ ಹತ್ತಬೇಕಾದರೂ ಏಣಿ ಹಿಡಿದುಕೋ ಎಂದು ನನ್ನನ್ನು ಕೂಗುತ್ತಿದ್ದವರು ಈಗ ಅವರ ಜೋಡಿ ರೆಕ್ಕೆಯ ಯುದ್ಧವಿಮಾನದ ಹಿಂದಿನ ಸೀಟಿನಲ್ಲಿ ಕೂತು, ಯಾವ ಊರು ಎಲ್ಲಿದೆಯೆಂದು ಬೊಟ್ಟು ಮಾಡಿ ತೋರಿಸುತ್ತೀರಂತೆ. ಸಂತೋಷ. ಆ ವಿಮಾನಕ್ಕೆ ಬ್ರೆಗೆ ಎಂದು ಹೆಸರಂತೆ. ನೆರೆಮನೆಯ ಮುದುಕ ಅಬು ಹಮ್ದಾನ್ ಮಾತ್ರ, “ಮಂಚದ ಮೇಲೆ ಮಂಚ ಕಟ್ಟಿ, ಬಟ್ಟೆ ಹೊದಿಸಿ ಹಾರಿಸ್ತಾರಲ್ಲೇ! ಇದಕ್ಕೆ ಹೆದರಿ ಬಂದೂಕು ಒಪ್ಪಿಸ್ಬೇಕಾ?” ಎಂದು ಉಗಿದ.

ಮೊದಲು ನೀವು ಎಸೆದ ಕಾಗದಗಳು ಬಿದ್ದವು. ದಂಗೆ ಬಿಟ್ಟು, ಬಂದೂಕು ಒಪ್ಪಿಸಿ ಶರಣಾಗಿ ಎಂದಿತ್ತು. ಹೆಂಗಸರು ಒಲೆ ಹೊತ್ತಿಸಲು ಆಯ್ದುಕೊಂಡರು. ಅದಕ್ಕೂ ಪ್ರಯೋಜನವಿಲ್ಲ, ಬರೀ ಹೊಗೆ. ಮರುವಾರ ಬಾಂಬು ಬಂತು. ಆಗ ಊರಲ್ಲಿ ಯಾರೂ ಇರಲಿಲ್ಲ. ನಿಮ್ಮ ತಾತ ಆಡು ಕೂಡಿಹಾಕುತ್ತಿದ್ದ ಗವಿಯಲ್ಲಿ ಎಲ್ಲರೂ ಅಡಗಿದ್ದೆವು. ಅದು ಎದುರಿಗೆ ನಿಂತವರ ಕಣ್ಣಿಗೂ ಬೀಳದ ಜಾಗ, ನಿಮ್ಮ ಮನೆಯವರಿಗಷ್ಟೇ ಗೊತ್ತಿದ್ದದ್ದು. ವಿಮಾನ ಎಲ್ಲೂ ಹುಡುಕಾಡದೆ ನೇರ ಅಲ್ಲಿಗೇ ಬಂತು. ಒಂದು ಬಾಂಬು ಅಂಜೂರದ ಮರಗಳ ನಡುವೆ ಬಿತ್ತು, ಇನ್ನೊಂದು ಗವಿಯ ಬಾಯಿಗೆ. ನಿಮ್ಮ ತಂಗಿ ಅದ್ಲಾ ಅಲ್ಲೇ ಕೂತು ಗೋಧಿ ಆರಿಸುತ್ತಿದ್ದಳು. ಅವಳನ್ನು ಅಲ್ಲಿಯೇ ಹೂತೆವು. ಅತ್ತೆಯ ಸೊಂಟ ಕಲ್ಲಿನಡಿ ಸಿಕ್ಕಿ ಮುರಿಯಿತು.

ಊರವರು ಸುಮ್ಮನಿರುತ್ತಾರೆಯೇ? “ಈ ಗವಿ ತೋರಿಸಿಕೊಟ್ಟಿದ್ದು ಯಾರು ಅಂತ ನಾನೇ ಹೇಳ್ಬೇಕಾ, ಉಮ್ಮ್ ಫರ್ಹಾನ್?” ಎಂದು ಅಬು ಹಮ್ದಾನ್ ಅತ್ತೆಯನ್ನು ಕೇಳಿದ. ಅತ್ತೆ ಮಲಗಿದ್ದಲ್ಲಿಂದಲೇ ರೇಗಿದರು: “ನನ್ನ ಮಗ ಫರ್ಹಾನ್ ಅಲ್ಲ ಕಣೋ. ಎತ್ತರಕ್ಕೆ ಹೋದ್ರೆ ಅವನಿಗೆ ತಲೆ ಸುತ್ತುತ್ತೆ. ಬೇಕಾದ್ರೆ ಇವಳನ್ನೇ ಕೇಳು.” ಎಲ್ಲರೂ ನನ್ನತ್ತ ತಿರುಗಿದರು. ಹೌದು, ಅವರಲ್ಲ ಎಂದೆ. ನಿಮ್ಮ ಮಾನ ಉಳಿಸಲಿಕ್ಕಲ್ಲ, ಮಗಳನ್ನು ಆಗಷ್ಟೇ ಮಣ್ಣಿಗೆ ಕೊಟ್ಟ ಆ ಮುದುಕಿಯ ಮುಖ ನೋಡಿ. ನಿಮ್ಮ ಸಲುವಾಗಿ ಒಂದು ಸುಳ್ಳು ಹೇಳುವಷ್ಟೂ ಬೆಲೆ ನಿಮಗಿಲ್ಲ.

ನಿಮ್ಮ ಹೊಸ ದೊರೆಗಳಿಗೆ ನಮ್ಮೆಲ್ಲರ ನಮಸ್ಕಾರ. ಅವರು ಕೊಟ್ಟ ಚರ್ಮದ ಟೋಪಿ ನಿಮ್ಮ ತಲೆಗೆ ಸರಿಹೊಂದಿರಬೇಕು.

ಬಹೀಜಾ

ತಾ.ಕ.: ಈ ಕಾಗದ ಒಯ್ಯಬೇಕಾದ ಉಪ್ಪು ಮಾರುವವನು ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಾವೆಲ್ಲ ಮರುಭೂಮಿಯ ಕಡೆಗೆ ಹೊರಟೆವು. ಒಂಟೆ ತಂದು ನಿಲ್ಲಿಸಿದರೂ ಅತ್ತೆ ಒಪ್ಪಲಿಲ್ಲ. “ಅವನು ವಾಪಸ್ ಬಂದ್ರೆ ಯಾರಾದ್ರೂ ಇರಬೇಡ್ವೇನೇ?” ಎನ್ನುತ್ತಾರೆ. ತಲೆಯ ಹತ್ತಿರ ನೀರು, ರೊಟ್ಟಿ, ದ್ರಾಕ್ಷಿ ಬೆಲ್ಲ ಇಟ್ಟಿದ್ದೇವೆ. ಗವಿಯಲ್ಲಿ ಇನ್ನು ಅವರೊಬ್ಬರೇ.